ಮಾನಪ್ಪ ಮೂರು ಸಲ ಬಿಚ್ಚಿದ ಸೈಕಲ್ಲು

ಬಹಳ ಹಿಂದೆ, ಇಸವಿ ಮಾತ್ರ ಕೇಳಬೇಡಿ, ಬಂಡೆಹಾಳ ಎಂಬ ಒಂದು ಊರಿನಲ್ಲಿ ಮಾನಪ್ಪ ಎಂಬ ಕಮ್ಮಾರನಿದ್ದ. ಅವನನ್ನು ಕಣ್ಣಾರೆ ಕಂಡವರು ಈಗ ಯಾರೂ ಉಳಿದಿಲ್ಲ. ಕಂಡವರನ್ನು ಕಂಡವರು ಇದ್ದರು, ಅವರು ಹೇಳಿದ್ದನ್ನೇ ಹೇಳುತ್ತಿದ್ದೇನೆ. ಹೆಚ್ಚುಕಡಿಮೆ ಇದ್ದರೆ ಅದು ಅವರ ಪಾಲಿಗೆ, ನನ್ನ ಪಾಲಿಗಲ್ಲ.

ಬಂಡೆಹಾಳ ಹೆಸರಿಗೆ ತಕ್ಕ ಊರು. ಎತ್ತ ನೋಡಿದರೂ ಬಂಡೆ. ಬಂಡೆಗಳ ಸಂದಿಯಲ್ಲಿ ಮನೆ, ಮನೆಗಳ ಸಂದಿಯಲ್ಲಿ ದಾರಿ. ಬಾಗಿಲುಗಳೆಲ್ಲ ಗಿಡ್ಡ. ತಲೆ ಬಾಗಿಸದೆ ಯಾರೂ ಒಳಗೆ ಬರಬಾರದೆಂದು ಹಿರಿಯರು ಹಾಗೆ ಕಟ್ಟಿಸಿದ್ದರಂತೆ. ಬಾಗಿಲು ದಾಟಿದರೆ ಒಳಗಿನ ತೊಲೆಯೂ ಅಷ್ಟೇ ಕೆಳಗೆ. ಆ ಊರಲ್ಲಿ ಎತ್ತರವಾಗಿ ಹುಟ್ಟಿದವರಿಗೆ ಹಣೆಯ ಮೇಲಿನ ಗುಬುಟು ತಪ್ಪಿದ್ದಲ್ಲ.

ಮಾನಪ್ಪನ ಅಪ್ಪ ಕುಳ, ಕುಡುಗೋಲು ಬಡಿಯುತ್ತಿದ್ದ. ಮಾನಪ್ಪನ ಕಾಲಕ್ಕೆ ಊರಿಗೆ ಸೈಕಲ್ಲು ಬಂತು. ಸೈಕಲ್ಲು ಬಂದ ಮೇಲೆ ಅದು ಕೆಡದೆ ಇದ್ದೀತೇ? ಕೆಟ್ಟದ್ದನ್ನು ಜನ ಕುಲುಮೆಗೇ ತಂದರು. ಕಬ್ಬಿಣ ಅಂದ ಮೇಲೆ ಕಮ್ಮಾರನದು ಎಂಬುದು ಅವರ ಲೆಕ್ಕ. ಮಾನಪ್ಪ ಬೈಯುತ್ತ ಕಲಿತ, ಬೈಯುತ್ತ ಮಾಡಿದ. ಮನುಷ್ಯರಿಗೆ ಬೈದವನಲ್ಲ, ಸಾಮಾನಿಗೆ ಬೈಯುತ್ತಿದ್ದ. ಅವನು ದನಿ ಎತ್ತಿ ಬೈದರೆ ಪಕ್ಕದ ಓಣಿಯಲ್ಲಿ ನಿಂತ ಸೈಕಲ್ಲಿನ ಗಾಳಿ ತಾನಾಗಿ ಇಳಿಯುತ್ತಿತ್ತಂತೆ. ಹಾಗಂತ ಹೇಳುತ್ತಾರೆ.

ಅವನ ಕುಲುಮೆಗೆ ಒಂದು ನೇಮವಿತ್ತು. ಅಪ್ಪ ಸಾಯುವಾಗ ಕೈ ಹಿಡಿದು ಹೇಳಿ ಹೋದದ್ದು: ಕಣ್ಣು ನಂಬಬೇಡ, ಅಳತೆ ನಂಬು, ಅಳತೆ ಒಂದೇ ಸಲ ತೆಗೆ. ಕೆಲಸ ಹಿಡಿದಾಗ ಒಂದು ದಾರದಲ್ಲಿ ಅಳತೆ ತೆಗೆದು ಗಂಟು ಹಾಕಬೇಕು. ದಾರಕ್ಕೆ ಅರಿಶಿನ ಹಚ್ಚಿ, ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲಿಗೆ ಕಟ್ಟಬೇಕು. ಕೆಲಸ ಮುಗಿದ ದಿನ ಆ ದಾರ ಬೆಂಕಿಗೆ. ಅಲ್ಲಿಯವರೆಗೆ ಇನ್ನೊಮ್ಮೆ ಅಳೆದರೆ ಅಡಿಗಲ್ಲಿನ ಮೇಲೆ ಅನುಮಾನಪಟ್ಟಂತೆ, ಮನೆಗೆ ಒಳ್ಳೆಯದಲ್ಲ. ಮಾನಪ್ಪ ಆ ನೇಮವನ್ನು ಒಂದು ಸಲವೂ ಮುರಿದಿರಲಿಲ್ಲ. ಒಂದು ಸಲ ಮುರಿದ, ಅದೇ ಈ ಕಥೆ.

ಅದೇ ಊರಲ್ಲಿ ಹುಲಿಗೆವ್ವ ಎಂಬ ಸೂಲಗಿತ್ತಿ ಇದ್ದಳು. ಸುತ್ತಲಿನ ಹನ್ನೆರಡು ಹಟ್ಟಿಗಳ ಮಕ್ಕಳು ಭೂಮಿಗೆ ಬರುವ ಮೊದಲು ಅವಳ ಕೈಗೆ ಬರುತ್ತಿದ್ದವು. ಅವಳು ಎಷ್ಟು ಎತ್ತರ ಎಂಬುದರಲ್ಲಿ ಮಾತಿನ ಫರಕಿದೆ. ಏಣಿ ಇಲ್ಲದೆ ಅಟ್ಟದ ಜೋಳ ಇಳಿಸುತ್ತಿದ್ದಳು ಎಂದು ಕೆಲವರು. ಆಕಳು ಅಡ್ಡ ನಿಂತರೆ ಸುತ್ತು ಹಾಕದೆ ದಾಟಿ ಹೋಗುತ್ತಿದ್ದಳು ಎಂದು ಇನ್ನು ಕೆಲವರು. ಆಕಳ ಮಾತು ನಾನು ನಂಬುವುದಿಲ್ಲ. ಆದರೂ ಹಾಗಂತ ಹೇಳುತ್ತಾರೆ.

ಹುಲಿಗೆವ್ವನ ತಂಗಿಯ ಮಗಳು ಫಕೀರವ್ವ. ಅವಳನ್ನು ಮೂರು ಹರದಾರಿ ಆಚೆಯ ಕುರಿಹಟ್ಟಿಗೆ ಕೊಟ್ಟಿದ್ದರು. ಅವಳ ಚೊಚ್ಚಲ ಹೆರಿಗೆಗೆ ಕರೆ ಬಂದಾಗ ಹುಲಿಗೆವ್ವ ಊಟದ ತಟ್ಟೆ ಬಿಟ್ಟು ಎದ್ದು ನಡೆದಳು, ಓಡಿದಳು, ಮತ್ತೆ ನಡೆದಳು. ಮುಟ್ಟುವ ಹೊತ್ತಿಗೆ ಕೂಸು ಕೊರಳಿಗೆ ಹೊಕ್ಕಳಬಳ್ಳಿ ಸುತ್ತಿಕೊಂಡು ಹೋಗಿಬಿಟ್ಟಿತ್ತು. ಅರ್ಧ ತಾಸು ಮುಂಚೆ ಬಂದಿದ್ದರೆ ಬೆರಳಲ್ಲಿ ಬಿಡಿಸುವಂಥ ಸುತ್ತು ಅದು. ಹುಲಿಗೆವ್ವ ಅಳಲಿಲ್ಲ. ತಾಯಿ ಅಳುವಾಗ ಸೂಲಗಿತ್ತಿ ಅಳಬಾರದು. ಆದರೆ ಆ ಅರ್ಧ ತಾಸು ಅವಳ ಎದೆಯಲ್ಲಿ ಕೂತುಬಿಟ್ಟಿತು.

ವರ್ಷ ಕಳೆದು ಫಕೀರವ್ವ ಮತ್ತೆ ಬಸುರಾದಳು. ಮೂರು ತಿಂಗಳು ತುಂಬಿದ ಸುದ್ದಿ ಬಂದ ದಿನವೇ ಹುಲಿಗೆವ್ವ ತನ್ನ ದನದ ಕೊಟ್ಟಿಗೆಯ ತೊಲೆಗೆ ತೂಗುಹಾಕಿದ್ದ ಒಂದು ಹಳೆಯ ಸೈಕಲ್ಲನ್ನು ಇಳಿಸಿದಳು.

ಆ ಸೈಕಲ್ಲಿನದು ಬೇರೆಯೇ ಪುರಾಣ. ಅವಳ ತಾಯಿಯ ಕಾಲದಲ್ಲಿ ದೇಶಾಂತರ ಸುತ್ತುತ್ತಿದ್ದ ಒಬ್ಬ ಬಿಳಿಯ ಮನುಷ್ಯ ಈ ಸೈಕಲ್ಲಿನಲ್ಲಿ ಬಂದು, ಚಳಿಜ್ವರ ಹಿಡಿದು ಬಂಡೆಹಾಳದಲ್ಲಿ ಬಿದ್ದನಂತೆ. ತಾಯಿ ತಿಂಗಳೊಪ್ಪತ್ತು ನುಚ್ಚಿನ ಗಂಜಿ ಹಾಕಿ ಎಬ್ಬಿಸಿದಳು. ಅವನೂ ತಾಳೆಮರದಂಥ ಆಳು. ಜ್ವರಕ್ಕಿಂತ ಹೆಚ್ಚಾಗಿ ತೊಲೆಗೆ ತಲೆ ಬಡಿದುಕೊಂಡೇ ಸೊರಗಿದ ಎನ್ನುತ್ತಾರೆ. ಹೋಗುವಾಗ ಗಾಡಿಯಲ್ಲಿ ಹೋದ, ಸೈಕಲ್ಲನ್ನು ಗಂಜಿಯ ಋಣಕ್ಕೆ ಬಿಟ್ಟು ಹೋದ. ಎದೆಮಟ್ಟದ ಚೌಕಟ್ಟು, ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಬಾಗಿದ ಹ್ಯಾಂಡಲ್ಲು, ಹಿಂದೆ ಎರಡೂ ಕಡೆ ಜೋತುಬಿದ್ದ ತೊಗಲಿನ ಚೀಲ. ಇಷ್ಟು ವರ್ಷ ಆ ಚೀಲದಲ್ಲಿ ಕೋಳಿ ಮೊಟ್ಟೆ ಇಡುತ್ತಿದ್ದವು.

ಹುಲಿಗೆವ್ವ ಅದನ್ನು ತಳ್ಳಿಕೊಂಡು ಕುಲುಮೆಯ ಮುಂದೆ ನಿಂತಳು. ಬಾಡಿಗೆಯ ಸೈಕಲ್ಲು ತುಳಿದು ನೋಡಿದ್ದಾಳಂತೆ, ಮೊಣಕಾಲು ಕಿವಿಗೆ ಬರುತ್ತದಂತೆ, ಎಂಟು ದಿನ ಕಾಲು ಬಾತಿತ್ತಂತೆ. ಇದೊಂದೇ ತನಗೆ ಆಗುವಂಥದ್ದು, ಆರು ತಿಂಗಳಿದೆ, ಮಾಡಿಕೊಡು ಎಂದಳು. ತಲೆ ಬಗ್ಗಿಸಿ, ನೆಲ ನೋಡುತ್ತ ಇನ್ನೊಂದು ಮಾತು ಹೇಳಿದಳು.

"ಈ ಸಲ ನಾ ಮುಟ್ಟಬೇಕು, ಮಾನಪ್ಪಣ್ಣ."

ಮಾನಪ್ಪ ಹೂಂ ಎಂದ. ಹೂಂ ಎಂದದ್ದಕ್ಕೆ ಆರು ತಿಂಗಳು ತನ್ನನ್ನೇ ಬೈದುಕೊಂಡ.

ಮೊದಲು ಅಳತೆ. ಪರ ಹೆಣ್ಣುಮಗಳನ್ನು ಗಂಡಸು ಅಳೆಯುವುದುಂಟೇ? ಮಾನಪ್ಪ ತನ್ನ ಹೆಂಡತಿ ಕಾಳಮ್ಮನನ್ನು ಕರೆದು, ಒಳಗೆ ಕರೆದುಕೊಂಡು ಹೋಗಿ ಅಳೆ ಎಂದ. ಕಾಳಮ್ಮ ಸೊಂಟದಿಂದ ಹಿಮ್ಮಡಿಗೆ ಒಂದು ಗಂಟು, ಹೆಗಲಿಂದ ಅಂಗೈಗೆ ಒಂದು ಗಂಟು ಹಾಕಿ ತಂದಳು. ದಾರ ಅರಿಶಿನ ಉಂಡು ಅಡಿಗಲ್ಲಿಗೆ ಹತ್ತಿತು.

ಆಮೇಲೆ ಶುರುವಾಯಿತು ನೋಡಿ ರಗಳೆ. ಆ ಸೈಕಲ್ಲಿನ ನಟ್ಟು ನಮ್ಮದಲ್ಲ, ಬೋಲ್ಟು ನಮ್ಮದಲ್ಲ. ನಮ್ಮ ಪಾನಾ ಹಾಕಿದರೆ ಒಂದು ಜಾರುತ್ತದೆ, ಇನ್ನೊಂದು ಹಿಡಿಯುವುದೇ ಇಲ್ಲ. ಆ ಗಾಲಿಗೆ ಹೊಂದುವ ಟೈರು ಸುತ್ತಲ ಏಳು ಸಂತೆಯಲ್ಲಿ ಇಲ್ಲ. ಟೈರು ಸಿಗದ್ದಕ್ಕೆ ಗಾಲಿಯನ್ನೇ ಬದಲಿಸಿದ. ಗಾಲಿ ಬದಲಿಸಿದರೆ ಬ್ರೇಕು ಮುಟ್ಟಲಿಲ್ಲ. ಬ್ರೇಕಿಗೆ ಉದ್ದನೆಯ ತೋಳು ಬಡಿದ. ತೋಳು ಉದ್ದವಾದರೆ ಅದು ಚೀಲಕ್ಕೆ ತಾಗಿತು. ಬೇರಿಂಗಿನ ಗುಂಡುಗಳಲ್ಲಿ ಎರಡು ಕೋಳಿಯ ಹೊಟ್ಟೆ ಸೇರಿದ್ದವೆಂದು ಹೇಳುತ್ತಾರೆ. ಕೋಳಿ ಕೊಯ್ದು ನೋಡಿದರೆ ಅಲ್ಲಿಯೂ ಇರಲಿಲ್ಲ.

ಇದರ ಮೇಲೆ ಕಟ್ಟೆಯ ಜನ. ಕುಲುಮೆಯ ಎದುರಿಗೇ ಬೇವಿನಕಟ್ಟೆ. ಅಲ್ಲಿ ವಿರುಪಣ್ಣ ಎಂಬ ಹಿರಿಯ ಕೂತಿರುತ್ತಿದ್ದ. ಹುಟ್ಟಿನಿಂದ ಸೈಕಲ್ಲಿನ ಮೇಲೆ ಕೂತವನಲ್ಲ, ಆದರೆ ಸೈಕಲ್ಲಿನ ವಿಷಯದಲ್ಲಿ ಅವನಿಗೆ ಗೊತ್ತಿಲ್ಲದ್ದು ಇರಲಿಲ್ಲ. ಕುಣಿಯಲಾರದವಳು ಅಂಗಳ ಡೊಂಕು ಅಂದಳು, ಈತ ಕುಣಿಯದೆಯೇ ಅಂಗಳ ತಿದ್ದುತ್ತಿದ್ದ. ಹೆಂಗಸು ಸೈಕಲ್ಲು ಹೊಡೆದರೆ ಮಳೆ ಹೋಗುತ್ತದೆಯೋ ಬರುತ್ತದೆಯೋ ಎಂದು ಮೂರು ದಿನ ಚರ್ಚೆ ನಡೆಸಿದ. ಮಾನಪ್ಪ ಕೇಳಿಯೂ ಕೇಳದವನಂತೆ ಸುತ್ತಿಗೆ ಬಡಿದ. ಆ ದಿನಗಳಲ್ಲಿ ಅವನು ಸುತ್ತಿಗೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಬಡಿಯುತ್ತಿದ್ದ ಎಂದು ಹೇಳುತ್ತಾರೆ.

ಎರಡು ತಿಂಗಳಿಗೆ ಸೈಕಲ್ಲು ಸಿದ್ಧವಾಗಿ ನಿಂತಿತು. ಸೀಟಿಗೆ ಎಮ್ಮೆಯ ತೊಗಲು, ದಾರದ ಗಂಟಿಗೆ ಸರಿಯಾಗಿ ಎತ್ತರ. ಹುಲಿಗೆವ್ವ ಕಚ್ಚೆ ಹಾಕಿ ಹತ್ತಿ ನಾಲ್ಕು ತುಳಿತ ತುಳಿದಳು, ಮೊಣಕಾಲು ಹ್ಯಾಂಡಲ್ಲಿಗೆ ಬಡಿದು ಕಟ್ಟೆಯ ಪಕ್ಕದ ಮೇವಿನ ಮೇಲೆ ಬಿದ್ದಳು. ವಿರುಪಣ್ಣ ಕಾಲು ಎತ್ತಿಕೊಂಡು ಕೂತ. ಮಾನಪ್ಪ ಹ್ಯಾಂಡಲ್ಲಿಗೆ ಅದರ ಏಳು ತಲೆಮಾರು ಎತ್ತಿ ಬೈದು ಪೂರ್ತಿ ಬಿಚ್ಚಿದ. ಇದು ಮೊದಲ ಸಲ.

ತಪ್ಪು ಹ್ಯಾಂಡಲ್ಲಿನದು ಎಂದುಕೊಂಡು ಅದನ್ನು ಒಂದು ಗೇಣು ಮುಂದಕ್ಕೆ ಚಾಚಿದ. ಈಗ ಹುಲಿಗೆವ್ವ ಹಲ್ಲಿಯ ಹಾಗೆ ಮೈ ಚಾಚಿ ತುಳಿಯಬೇಕಾಯಿತು. ಅರ್ಧ ಹರದಾರಿ ಹೋದವಳು ಸೊಂಟ ಹಿಡಿದುಕೊಂಡು, ಸೈಕಲ್ಲು ತಳ್ಳಿಕೊಂಡು ವಾಪಸು ಬಂದಳು. ಮಾನಪ್ಪ ಮತ್ತೆ ಬಿಚ್ಚಿದ. ಇದು ಎರಡನೆಯ ಸಲ.

ಆಗ ವಿರುಪಣ್ಣ, ಕಾಲು ಉದ್ದ ಇದ್ದವರಿಗೆ ಪೆಡಲಿನ ತೋಳೂ ಉದ್ದ ಇರಬೇಕು ಎಂದ. ಮಾನಪ್ಪನಿಗೆ ಎಷ್ಟು ತಲೆ ಕೆಟ್ಟಿತ್ತೆಂದರೆ ವಿರುಪಣ್ಣನ ಮಾತು ಕೇಳಿಬಿಟ್ಟ. ಉದ್ದನೆಯ ತೋಳು ಬಡಿದು ಹಾಕಿದ. ಮೊದಲ ತಿರುವಿನಲ್ಲೇ ಪೆಡಲು ಕಲ್ಲಿಗೆ ತಾಗಿ ಹುಲಿಗೆವ್ವ ಜಾಲಿಯ ಬೇಲಿಯೊಳಗೆ ಹೋದಳು. ಮೊಣಕೈ ಕಿತ್ತಿತು, ಹಿಮ್ಮಡಿ ಉಳುಕಿತು. ಮೂರನೆಯ ಸಲ ಬಿಚ್ಚಿದ. ಆ ಹೊತ್ತಿಗೆ ಫಕೀರವ್ವನಿಗೆ ಎಂಟು ತಿಂಗಳು.

ನೀವು ಕೇಳಬಹುದು, ಸೀಟು ಗಿಡ್ಡ ಇದ್ದದ್ದು ಕಾಣಲಿಲ್ಲವೇ, ಕಮ್ಮಾರನಿಗೆ ಕಣ್ಣಿರಲಿಲ್ಲವೇ ಎಂದು. ನಾನೂ ಕೇಳಿದ್ದೆ, ಬೈಸಿಕೊಂಡಿದ್ದೆ. ಕಣ್ಣಿತ್ತು. ಆದರೆ ಹೆಣ್ಣುಮಗಳು ಹತ್ತಿದಾಗ ಅವನು ಗಾಲಿ ನೋಡುತ್ತಿದ್ದ, ಮುಖ ಎತ್ತುತ್ತಿರಲಿಲ್ಲ. ಸೀಟಿನ ಮೇಲೆ ಅನುಮಾನ ಬಂದಾಗಲೆಲ್ಲ ಅಡಿಗಲ್ಲಿನ ದಾರ ತಂದು ಹಿಡಿಯುತ್ತಿದ್ದ. ದಾರಕ್ಕೂ ಸೀಟಿಗೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಇನ್ನೊಮ್ಮೆ ಅಳೆಯುವ ಹಾಗಿಲ್ಲ. ಅವನಿಗೆ ಹುಚ್ಚು ಹಿಡಿಯುವುದೊಂದು ಬಾಕಿ.

ಸಿಟ್ಟು ತಡೆಯದೆ ಸುತ್ತಿಗೆ ಎಸೆದ. ಆ ಸುತ್ತಿಗೆ ಬಿದ್ದ ಕಡೆ ಬಂಡೆಯಲ್ಲಿ ಗುಳಿ ಬಿದ್ದಿದೆ, ಈಗಲೂ ತೋರಿಸುತ್ತಾರೆ. ಬಾಯಿಗೆ ತಂಬಾಕು ಹಾಕಿಕೊಂಡು ಊರ ಹಿಂದಿನ ದೊಡ್ಡ ಬಂಡೆ ಹತ್ತಿ ಕೂತ. ಇನ್ನು ಆ ಹೆಣ್ಣುಮಗಳಿಗೆ ಆಗುವುದಿಲ್ಲ ಎಂದು ಹೇಳಿಬಿಡುವುದೆಂದು ಮನಸ್ಸು ಮಾಡಿದ. ಹೇಳುವ ಮಾತನ್ನು ಎರಡು ಮೂರು ಸಲ ತನಗೇ ಹೇಳಿ ನೋಡಿದ. ಪ್ರತಿ ಸಲವೂ ಅವಳು, ಈ ಸಲ ನಾ ಮುಟ್ಟಬೇಕು, ಎಂದದ್ದೇ ಕಿವಿಗೆ ಬಂತು.

ಅಲ್ಲಿಂದ ಕುರಿಹಟ್ಟಿಯ ದಾರಿ ಕಾಣುತ್ತದೆ. ದಿಣ್ಣೆಯ ಮೇಲೆ ಯಾರೋ ಒಬ್ಬರು ಕುಂಟುತ್ತ ನಡೆದುಹೋಗುತ್ತಿದ್ದರು. ನೆಟ್ಟಗಿನ ಬೆನ್ನು, ಆಕಾಶಕ್ಕೆ ಆನಿಸಿಟ್ಟ ಹಾಗೆ ತಲೆ. ನಮ್ಮ ಸೀಮೆಯಲ್ಲಿ ಇಷ್ಟು ಎತ್ತರದವರು ಯಾರಪ್ಪ ಎಂದು ಮಾನಪ್ಪ ನೋಡಿದ. ಎದುರಿನಿಂದ ಒಂದು ಚಕ್ಕಡಿ ಬಂತು. ಬಂದದ್ದೇ ತಡ ಆ ತಲೆ ಇಳಿಯಿತು, ಹೆಗಲು ಇಳಿಯಿತು, ಮೊಣಕಾಲು ಮಡಚಿತು. ಚಕ್ಕಡಿ ದಾಟಿ ಹೋಯಿತು. ಆ ದೇಹ ಏತದ ಮರದ ಹಾಗೆ ಮತ್ತೆ ಮೇಲೆದ್ದಿತು.

ಫಕೀರವ್ವನನ್ನು ನೋಡಿ ಬರಲು ಹೊರಟ ಹುಲಿಗೆವ್ವ ಅದು.

ಮಾನಪ್ಪ ತಂಬಾಕು ಉಗಿದು ಮನೆಗೆ ಓಡಿದ. ದಾರ ಹೇಗೆ ಹಿಡಿದೆ ಎಂದು ಕಾಳಮ್ಮನನ್ನು ಕೇಳಿದ. ಕಾಳಮ್ಮ ರೊಟ್ಟಿ ಬಡಿಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ತೊಲಿ ಕೆಳಗ ನಿಂತಿದ್ಲು. ತಲಿ ಮ್ಯಾಲೆ ಸೆರಗು, ಕಣ್ಣು ನೆಲದಾಗ. ಸೀರಿ ಒಳಗ ಮೊಣಕಾಲು ಮಡಚ್ಯಾಳೋ ಬಿಟ್ಟಾಳೋ ನಾ ಏನ್ ಕಂಡೆ? ಒಳಗ ಕರಕೊಂಡು ಹೋಗಿ ಅಳಿ ಅಂದಾಂವ ನೀನು."

ಆಮೇಲೆ ಕಾಳಮ್ಮ ಉಳಿದದ್ದನ್ನೂ ಹೇಳಿದಳು, ಊರ ಹೆಂಗಸರಿಗೆಲ್ಲ ಗೊತ್ತಿದ್ದದ್ದು, ಗಂಡಸರು ಯಾರೂ ಕೇಳದೆ ಬಿಟ್ಟದ್ದು. ಹುಲಿಗೆವ್ವನಿಗೆ ಹನ್ನೆರಡು ತುಂಬಿದಾಗ ನೋಡಲು ಬಂದ ಗಂಡಿನ ಕಡೆಯವರು, ಇವಳಿಗೆ ಬಾಸಿಂಗ ಕಟ್ಟಲು ಏಣಿ ಬೇಕು ಎಂದು ನಕ್ಕು ಎದ್ದು ಹೋದರಂತೆ. ಅಂದಿನಿಂದ ತಾಯಿ, ಜನರೆದುರು ಬಗ್ಗಿ ನಿಲ್ಲು ಎಂದಳು. ಬಗ್ಗಿದ್ದೇ ಬಗ್ಗಿದ್ದು, ಗಂಡೂ ಬರಲಿಲ್ಲ, ಬೆನ್ನೂ ಏಳಲಿಲ್ಲ. ಈಗ ಯಾರಾದರೂ ಕಂಡರೆ ಸಾಕು, ಅವಳಿಗೆ ಗೊತ್ತಿಲ್ಲದೆಯೇ ಮೈ ಮಡಚಿಕೊಳ್ಳುತ್ತದೆ.

ಮಾನಪ್ಪನಿಗೆ ಹೆಂಡತಿಯ ಮೇಲೆ ಸಿಟ್ಟು ಬಂತು, ವಿರುಪಣ್ಣನ ಮೇಲೆ ಬಂತು, ಗಿಡ್ಡ ಬಾಗಿಲು ಕಟ್ಟಿಸಿದ ಹಿರಿಯರ ಮೇಲೆ ಬಂತು. ಕೊನೆಗೆ ತನ್ನ ಮೇಲೆ ಬಂತು. ದಾರ ಸುಳ್ಳು ಹೇಳಿರಲಿಲ್ಲ. ಬಗ್ಗಿದವಳ ಅಳತೆ ಸರಿಯಾಗಿಯೇ ಇತ್ತು. ಇಷ್ಟು ತಿಂಗಳು ಅವನು ಹ್ಯಾಂಡಲ್ಲಿಗೆ ಬೈದ, ಪೆಡಲಿಗೆ ಬೈದ, ಒಮ್ಮೆ ಕತ್ತೆತ್ತಿ ಅವಳನ್ನು ನೋಡಿರಲಿಲ್ಲ. ಆ ನಾಚಿಕೆ ಅವನಿಗೆ ಸಾಯುವವರೆಗೆ ಇತ್ತು ಎನ್ನುತ್ತಾರೆ.

ಹುಲಿಗೆವ್ವ ಮರಳಿ ಬಂದ ದಿನ ಮಾನಪ್ಪ ಅಡಿಗಲ್ಲಿನ ದಾರವನ್ನು ಎಲ್ಲರೆದುರು ಕತ್ತರಿಸಿದ. ಕಟ್ಟೆಯ ಮೇಲಿದ್ದವರು ಎದ್ದು ನಿಂತರು. ಕುಲುಮೆಯ ಮುಂದೆ ಎತ್ತು ಕಟ್ಟುವ ಒಂದು ಕಲ್ಲುಕಂಬವಿತ್ತು. ಅದಕ್ಕೆ ಬೆನ್ನು ಹಚ್ಚಿ ನಿಲ್ಲು ಎಂದು ಹುಲಿಗೆವ್ವನಿಗೆ ಹೇಳಿದ. ಅವಳು ನಿಂತಳು, ಬಗ್ಗಿ ನಿಂತಳು. ನೆಟ್ಟಗೆ ನಿಲ್ಲು ಎಂದ. ಪ್ರಯತ್ನಪಟ್ಟಳು, ಮೈ ಏಳಲಿಲ್ಲ. ವಿರುಪಣ್ಣ ಏನೋ ಸಲಹೆ ಕೊಡಲು ಬಾಯಿ ತೆರೆದ. ಮಾನಪ್ಪ ಆ ದಿನ ಮೊದಲ ಸಲ ಮನುಷ್ಯರಿಗೆ ಬೈದ. ಎಲ್ಲರೂ ಬೆನ್ನು ತಿರುಗಿಸಿ ಬೇವಿನಮರ ನೋಡುತ್ತ ಕೂಡಬೇಕು, ತಿರುಗಿದವನ ಸೈಕಲ್ಲನ್ನು ಜನ್ಮದಲ್ಲಿ ಮುಟ್ಟುವುದಿಲ್ಲ ಎಂದ. ಇಡೀ ಕಟ್ಟೆ ಬೇವಿನಮರದ ಕಡೆ ತಿರುಗಿತು. ತಾನೂ ತಿರುಗಿ ನಿಂತು, ಇನ್ನು ಸಾಕಾಯಿತು ಎಂಬ ದನಿಯಲ್ಲಿ ಗೋಡೆಗೆ ಹೇಳಿದ ಹಾಗೆ ಹೇಳಿದ.

"ನೆಟ್ಟಗ ನಿಂದ್ರವ್ವ ತಾಯಿ. ನಾಲ್ಕನೇ ಸಲ ಬಿಚ್ಚಾಂವ ಅಲ್ಲ ನಾನು."

ಕಾಳಮ್ಮ ರೊಟ್ಟಿಯ ಹಿಟ್ಟು ಮೆತ್ತಿದ ಕೈಯಲ್ಲೇ ಹೊರಗೆ ಬಂದಳು. ಹುಲಿಗೆವ್ವನ ತಲೆಯ ಸೆರಗು ಸರಿಸಿದಳು, ಅಳತೆಗೋಲಿನಿಂದ ಬೆನ್ನಿಗೆ ಮೆಲ್ಲಗೆ ತಿವಿದಳು.

"ಇಲ್ಲೇನ್ ತೊಲಿ ಐತೇನು? ಆಕಾಶ ತಲಿಗೆ ಬಡಿಯಂಗಿಲ್ಲ. ಏಳು."

ಹುಲಿಗೆವ್ವ ಎದ್ದಳು. ಒಂದೊಂದೇ ಕೀಲು ಬಿಚ್ಚಿಕೊಂಡು ಎದ್ದಳು. ಆ ಸದ್ದು ಅಗಸೆಯ ಬಾಗಿಲವರೆಗೆ ಕೇಳಿತು ಎಂದು ಹೇಳುತ್ತಾರೆ. ಎದ್ದವಳು ಅತ್ತಳು. ಫಕೀರವ್ವನ ಕೂಸು ಹೋದಾಗ ಅಳದವಳು ಅವತ್ತು ಕಂಬಕ್ಕೆ ಬೆನ್ನು ಹಚ್ಚಿ ನಿಂತು ಅತ್ತಳು. ಬೇವಿನಮರ ನೋಡುತ್ತಿದ್ದವರಲ್ಲಿ ಯಾರೂ ತಿರುಗಲಿಲ್ಲ. ಕಾಳಮ್ಮ ಒರಳಿನ ಮೇಲೆ ಹತ್ತಿ ನೆತ್ತಿಯ ಮಟ್ಟಕ್ಕೆ ಒಂದು ಗೀಟು, ಸೊಂಟದ ಮಟ್ಟಕ್ಕೆ ಒಂದು ಗೀಟು ಎಳೆದಳು. ಮಾನಪ್ಪ ಆ ಗೀಟಿನ ಮೇಲೆ ಉಳಿ ಹೊಡೆದ. ಸೊಂಟದ ಗೀಟು ದಾರದ ಗಂಟಿಗಿಂತ ಗೇಣಿನ ಮೇಲೆ ನಾಲ್ಕು ಬೆರಳು ಹೆಚ್ಚಿತ್ತು.

ಈಗ ಸೀಟಿನ ಕೆಳಗೆ ಅಷ್ಟುದ್ದದ ಕೊಳವೆ ಬೇಕು. ಗಟ್ಟಿಯಾದದ್ದು, ಚೌಕಟ್ಟಿನೊಳಗೆ ಹೊಂದುವಂಥದ್ದು. ಊರಲ್ಲಿ ಇರಲಿಲ್ಲ, ಸಂತೆಯಲ್ಲಿ ಇರಲಿಲ್ಲ. ಅಂಥದ್ದು ಇದ್ದದ್ದು ಒಂದೇ ಕಡೆ, ಅವನ ಅಪ್ಪ ಬಡಿದು ಮಾಡಿದ ತಿದಿಯ ಕೊಳವೆ, ಕುಲುಮೆಗೆ ಗಾಳಿ ಹಾಯುವ ದಾರಿ. ಮಾನಪ್ಪ ಒಂದು ದಿನ ಪೂರ್ತಿ ಅದರ ಮುಂದೆ ಕೂತ. ಆಮೇಲೆ ಕಿತ್ತ. ಹಿತ್ತಾಳೆಯ ತಂಬಿಗೆಯ ತಗಡು ಸುತ್ತಿ ಚೌಕಟ್ಟಿಗೆ ಬಿಗಿದ. ಹಳೆಯ ಪೆಡಲಿನ ತೋಳನ್ನೇ ಮರಳಿ ಹಾಕಿದ. ಹ್ಯಾಂಡಲ್ಲನ್ನು ತಲೆಕೆಳಗು ಮಾಡಿ, ಕೆಳಕ್ಕೆ ನೋಡುತ್ತಿದ್ದ ಕೊಂಬು ಮೇಲಕ್ಕೆ ನೋಡುವಂತೆ ನಿಲ್ಲಿಸಿದ. ಇದರ ಮೇಲೆ ಬಗ್ಗಿ ಕೂತರೆ ಕೈ ಹ್ಯಾಂಡಲ್ಲಿಗೆ ಮುಟ್ಟುವುದೇ ಇಲ್ಲ, ಹಾಗೆ ಮಾಡಿಟ್ಟ.

ಕರೆ ಬಂದದ್ದು ಬೆಳಗಿನ ರೊಟ್ಟಿಯ ಹೊತ್ತಿಗೆ, ಲೆಕ್ಕಕ್ಕಿಂತ ಹನ್ನೆರಡು ದಿನ ಮುಂಚೆ. ಕುದುರೆಯ ಮೇಲೆ ಬಂದವನು ನೀರು ಕುಡಿಯುವುದರೊಳಗೆ ಹುಲಿಗೆವ್ವ ಅಗಸೆ ದಾಟಿದ್ದಳು. ಹೊಲದಲ್ಲಿದ್ದವರಿಗೆ ಸೈಕಲ್ಲು ಕಾಣಲಿಲ್ಲ, ಬಂಡೆಗಳ ಮೇಲೆ ಒಂದು ತಲೆ ಮಾತ್ರ ಓಡುವುದು ಕಂಡಿತು. ಕಂಡವರು ಕುಡುಗೋಲು ಕೆಳಗಿಟ್ಟು ಕೈ ಮುಗಿದರಂತೆ. ಕುದುರೆಯವನು ಎಷ್ಟು ಓಡಿಸಿದರೂ ಅವಳ ಹಿಂದೆಯೇ ಉಳಿದ. ಅವಳು ಕುರಿಹಟ್ಟಿ ಮುಟ್ಟಿದಾಗ ಕೂಸಿನ ತಲೆ ಕಾಣುತ್ತಿತ್ತು. ಈ ಸಲವೂ ಕೊರಳಿಗೆ ಬಳ್ಳಿ ಸುತ್ತಿತ್ತು. ಹುಲಿಗೆವ್ವ ಬೆರಳು ಹಾಕಿ ಬಿಡಿಸಿದಳು. ಕೂಸು ಅತ್ತಿತು. ಹೆಣ್ಣು.

ಮರುದಿನ ಸೈಕಲ್ಲು ಕುಲುಮೆಯ ಮುಂದೆ ನಿಂತಾಗ ಮಾನಪ್ಪ ಕೂಸಿನ ಸುದ್ದಿ ಕೇಳಲಿಲ್ಲ. ಅವಳು ನೆಟ್ಟಗೆ ನಿಂತಿದ್ದನ್ನು ನೋಡಿಯೇ ತಿಳಿದುಕೊಂಡ. ಆ ಸಂತೋಷದಲ್ಲೇ, ಚೈನಿಗೆ ಎಣ್ಣೆ ಯಾಕೆ ಹಾಕಿಲ್ಲ ಎಂದು ಸೈಕಲ್ಲಿಗೆ ಬೈಯುತ್ತ ಕೂತ. ಆಮೇಲೆ ತಿದಿಗೆ ಮಣ್ಣಿನ ಕೊಳವೆ ಮಾಡಿ ಹಾಕಿದ. ಬೆಂಕಿ ಮೊದಲಿನಂತೆ ಏಳಲಿಲ್ಲ. ದಿನಾ ಅದಕ್ಕೂ ಬೈದ.

ಎಲ್ಲ ಆಗಿ ಎಷ್ಟೋ ಕಾಲವಾಯಿತು. ಸೈಕಲ್ಲು ಏನಾಯಿತೋ ಗೊತ್ತಿಲ್ಲ, ಊರಿಗೊಂದು ಕಥೆ ಹೇಳುತ್ತಾರೆ. ಕಂಬ ಇದೆ. ಬಂಡೆಹಾಳದಲ್ಲಿ ಇವತ್ತಿಗೂ ಯಾರೂ ಸೂರಿನ ಕೆಳಗೆ ಅಳತೆ ತೆಗೆಯುವುದಿಲ್ಲ. ದರ್ಜಿಯೂ ಗಿರಾಕಿಯನ್ನು ಬಿಸಿಲಿಗೆ ಕರೆತಂದೇ ಟೇಪು ಹಿಡಿಯುತ್ತಾನೆ. ಹೆಣ್ಣುಮಕ್ಕಳಿಗೆ ಹನ್ನೆರಡು ತುಂಬಿದ ದಿನ ಮನೆಯ ಹೆಂಗಸರು ಅವರನ್ನು ಆ ಕಂಬಕ್ಕೆ ಕರೆದುಕೊಂಡು ಹೋಗಿ, ಸೆರಗು, ದಾವಣಿ ಸರಿಸಿ, ಬೆನ್ನು ಹಚ್ಚಿ ನಿಲ್ಲಿಸುತ್ತಾರೆ. ಕಟ್ಟೆಯ ಗಂಡಸರು ಯಾರೂ ಹೇಳದೆಯೇ ಬೇವಿನಮರದ ಕಡೆ ತಿರುಗುತ್ತಾರೆ. ಮೇಲಿನ ಗೀಟನ್ನು ಇದುವರೆಗೆ ಯಾರ ನೆತ್ತಿಯೂ ಮುಟ್ಟಿಲ್ಲ. ಆದರೂ ಪ್ರತಿಯೊಬ್ಬಳೂ ಹಿಮ್ಮಡಿ ನೆಲಕ್ಕೆ ಊರಿ ಆದಷ್ಟು ಏಳುತ್ತಾಳೆ. ಏಳದೆ ನಾಚಿ ನಿಂತವಳ ಬೆನ್ನಿಗೆ ಅಜ್ಜಿಯರು ಕೋಲಿನಿಂದ ಮೆಲ್ಲಗೆ ತಿವಿದು, ಬೇಸತ್ತ ದನಿಯಲ್ಲೇ ಹೇಳುತ್ತಾರೆ, ನೆಟ್ಟಗ ನಿಂದ್ರವ್ವ, ಮಾನಪ್ಪ ನಾಲ್ಕನೇ ಸಲ ಬಿಚ್ಚಂಗಿಲ್ಲ.